ಹೆಸರಿನ ಹಿಂದೆ ನಿಂತ ಆಯ್ಕೆ

ಅವಳಿಗಳ ಬೆನ್ನಿಗೆ ಹುಟ್ಟಿದ ಮಗುವಿಗೆ ನಮ್ಮಲ್ಲಿ ಕಿಜ್ಜಾ ಎಂದೇ ಹೆಸರು. ಗಂಡಾಗಲಿ ಹೆಣ್ಣಾಗಲಿ, ಯಾರೂ ಕೂತು ಯೋಚಿಸಿ ಇಡುವುದಿಲ್ಲ. ಅವಳಿ ಹುಟ್ಟಿದಾಗ ಊರೆಲ್ಲ ಡೋಲು ಬಡಿದು ಕುಣಿದಿರುತ್ತದೆ, ತಾಯಿಗೆ ನಾಲೊಂಗೊ ಎಂಬ ಬಿರುದು ಸಿಕ್ಕಿರುತ್ತದೆ, ತಂದೆ ಎದೆಯುಬ್ಬಿಸಿಕೊಂಡು ಓಡಾಡಿರುತ್ತಾನೆ. ಅದೆಲ್ಲ ಮುಗಿದು ಜನ ಸುಸ್ತಾದ ಮೇಲೆ ಬರುವವನು ಕಿಜ್ಜಾ. ನಮ್ಮ ರೇಡಿಯೋ ಸ್ಟೇಷನ್ನಿನ ಕಿಜ್ಜಾನೂ ಹಾಗೆ ಬಂದವನೇ. ತಲೆ ನರೆತರೂ ಅವನ ಮುಖದಲ್ಲಿ ಊಟ ಮುಗಿದ ಮನೆಗೆ ಬಂದ ನೆಂಟನ ಸಂಕೋಚ ಹೋಗಿರಲಿಲ್ಲ.

ನಾನು ಅದೇ ಸ್ಟೇಷನ್ನಿನಲ್ಲಿ ಸಾವಿನ ಸುದ್ದಿ ಓದುವವಳು. ಮಸಾಕಾದ ಸುತ್ತಮುತ್ತ ಯಾರು ಸತ್ತರೂ ಮಧ್ಯಾಹ್ನದ ಹೊತ್ತಿಗೆ ನನ್ನ ಬಾಯಿಂದಲೇ ಜನಕ್ಕೆ ತಿಳಿಯಬೇಕು: ಯಾರ ಮಗ, ಯಾವ ಕುಲ, ಯಾರ ಭಾವಮೈದ, ಮಣ್ಣು ಎಲ್ಲಿ, ಯಾವಾಗ. ಎಲ್ಲರೂ ನನ್ನನ್ನು ಸೆಂಗಾ ಎನ್ನುತ್ತಾರೆ, ಸೋದರತ್ತೆ ಎಂದು. ಸೋದರತ್ತೆಗೆ ನಮ್ಮಲ್ಲಿ ಯಾರನ್ನು ಬೇಕಾದರೂ ಬೈಯುವ ಹಕ್ಕಿದೆ. ನಾನು ಅದನ್ನು ಧಾರಾಳವಾಗಿಯೇ ಬಳಸಿಕೊಂಡಿದ್ದೇನೆ, ಕಿಜ್ಜಾನ ಮೇಲಂತೂ ತುಸು ಹೆಚ್ಚೇ.

ಅವನು ನ್ಯೆಂಡೋ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದವನು. ಸ್ಟೇಷನ್ನಿನ ಯಜಮಾನ ಸೆಬೋವ ಯಾರೋ ಎಸೆದ ಒಂದು ಕಂಪ್ಯೂಟರ್ ತಂದು ಮೂಲೆಯಲ್ಲಿಟ್ಟು "ಇದನ್ನ ಮಾತಾಡಿಸು" ಎಂದು ಅವನಿಗೆ ಹೇಳಿದ. ಕಿಜ್ಜಾ ಮಾತಾಡಿಸಿದ. ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಇಲಿಯಂಥ ಆ ಮೌಸೂ ಇಲ್ಲ. ಕಪ್ಪು ಪರದೆಯಲ್ಲಿ ಒಂದು ಮಾತು ಬರೆದರೆ ಅದು ಮಾಡುತ್ತದೆ, ಅಷ್ಟೇ. ಹಾಡು ಹಾಕುವುದಕ್ಕೊಂದು, ಪ್ರಸಾರವಾದದ್ದನ್ನೆಲ್ಲ ಧ್ವನಿಮುದ್ರಿಸಿಡುವುದಕ್ಕೊಂದು, ಹೀಗೆ ಕೆಲಸಕ್ಕೊಂದು ಸ್ಕ್ರಿಪ್ಟ್, ಅಂದರೆ ಮಷೀನಿಗೆ ಕೊಡುವ ಅಪ್ಪಣೆಗಳ ಪಟ್ಟಿ, ಬರೆದುಕೊಂಡ. ಅವುಗಳಲ್ಲಿ ಎಲ್ಲರಿಗೂ ಬಳಕೆಯಾದದ್ದು ಯೇರಾ. ಗುಡಿಸು ಎಂದು ಅರ್ಥ. ಯಾವ ಫೋಲ್ಡರಿನ ಹೆಸರು ಕೊಟ್ಟರೆ ಅದರೊಳಗಿನ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಅದು ಗುಡಿಸಿ ಹಾಕುತ್ತಿತ್ತು. ಸುಮ್ಮನೆ ಏನೇನಿದೆ, ಎಷ್ಟು ಜಾಗ ಹಿಡಿದಿದೆ ಎಂದು ನೋಡಬೇಕಿದ್ದರೆ ಒಂದು ಸಣ್ಣ ಗೀಟು ಎಳೆದು ಎನ್ ಎಂದು ಬರೆಯಬೇಕು. ಆಗ ಪೊರಕೆ ಮುಟ್ಟುವುದಿಲ್ಲ, ಬರೀ ತೋರಿಸುತ್ತದೆ. ಇಂಥ ಗೀಟಿನ ಅಕ್ಷರಗಳನ್ನು ಅವನು ಆಯ್ಕೆ ಎನ್ನುತ್ತಿದ್ದ.

ಮೊದಲ ಯೇರಾದಲ್ಲಿ ಆಯ್ಕೆಯನ್ನು ಎಲ್ಲಿ ಬರೆದರೂ ನಡೆಯುತ್ತಿತ್ತು. ಹೆಸರು ಮೊದಲು ಬರೆದು ಗೀಟು ಆಮೇಲೆ ಹಾಕಿ, ಗೀಟು ಮೊದಲು ಹಾಕಿ ಹೆಸರು ಆಮೇಲೆ ಬರೆಯಿರಿ, ಅದು ಒಂದೊಂದೇ ಮಾತನ್ನು ಎತ್ತಿ ನೋಡಿ ಇದು ಆಯ್ಕೆ, ಇದು ಹೆಸರು ಎಂದು ವಿಂಗಡಿಸುತ್ತಿತ್ತು. ಅದಕ್ಕಾಗಿ ಅವನು ಕುರಿಯ ಕರುಳಿನಷ್ಟು ಉದ್ದ ಬರೆದಿದ್ದ. ಬೇಕಾಗಿಯೂ ಇತ್ತು. ನಮ್ಮ ಜನ ಹೆಸರು ಮೊದಲು ಹೇಳದೆ ಯಾವ ಮಾತನ್ನೂ ಶುರು ಮಾಡುವವರಲ್ಲ. ಬೆಂಕಿ ಬಿದ್ದರೂ ಮೊದಲು ಹೆಸರು ಹಿಡಿದು ಕರೆದು, ನಿದ್ದೆ ಹೇಗೆ ಬಂತು, ಮನೆಯವರು ಹೇಗಿದ್ದಾರೆ ಎಂದು ಕೇಳಿ, ಆಮೇಲೆ ಬೆಂಕಿಯ ಸುದ್ದಿಗೆ ಬರುವವರು ನಾವು.

ಈ ಚಾಳಿಯನ್ನು ರೇಡಿಯೋದಲ್ಲಿ ಪಟ್ಟಕ್ಕೇರಿಸಿದವಳು ಕಿಜ್ಜಾನ ತಾಯಿಯೇ. ಭಾನುವಾರ ಬೆಳಿಗ್ಗೆ ನಾಲೊಂಗೊ ಬಂದು ಮೈಕಿನ ಮುಂದೆ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಹಳೆಯ ಕಥೆ ಹೇಳುವುದು ಅವಳ ಕಾರ್ಯಕ್ರಮ. ಆದರೆ ಕಥೆಗಿಂತ ನಮಸ್ಕಾರವೇ ಹೆಚ್ಚು. ಕೇಳುಗರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು, ಕುಲ ಹಿಡಿದು, ಅವರ ಹಸುವನ್ನೂ ಬಾಳೆತೋಟವನ್ನೂ ವಿಚಾರಿಸಿ, ಅವರು ಉತ್ತರ ಕೊಟ್ಟರೇನೋ ಎಂಬಂತೆ "ಹೂಂ, ಹೂಂ" ಎನ್ನುತ್ತ ಹೋಗುವಳು. ಸೆಬೋವ ಒಮ್ಮೆ ತಡೆಯಲಾರದೆ, "ನಾಲೊಂಗೊ, ಕಥೆಗೆ ಬನ್ನಿ ತಾಯಿ, ಜಾಹೀರಾತು ಕಾಯ್ತಾ ಇದೆ" ಎಂದ.

"ಕಾಯ್ಲಿ ಬಿಡು," ಎಂದಳು ಅವಳು, ಮೈಕು ಕೇಳಿಸಿಕೊಳ್ಳುತ್ತಿರುವಾಗಲೇ. "ಹೆಸರು ಹಿಡಿದು ಕರೀದೆ ಮಾತಿಗೆ ಶುರು ಮಾಡೋದಕ್ಕೆ ನಾನೇನು ಪೊಲೀಸಿನವಳಾ?"

ಗಾಜಿನ ಆಚೆ ಕೂತು ಅವಳ ಧ್ವನಿಯನ್ನು ಏರಿಸಿ ಇಳಿಸಿ ಹದ ಮಾಡುತ್ತಿದ್ದವನು ಕಿಜ್ಜಾ. ಮನೆಯಲ್ಲಿ ಅವಳ ಮಾತೆಲ್ಲ ಅವಳಿ ಹೆಣ್ಣುಮಕ್ಕಳ ಪಾಲು, ಬಬಿರ್ಯೆಗೂ ನಕಾಟೋಗೂ. ಇವನಿಗೆ ಸಿಗುತ್ತಿದ್ದದ್ದು ಆ ಭಾನುವಾರ. ಒಮ್ಮೆ ನನಗೆ ಹೇಳಿದ: "ಹೆಡ್‌ಫೋನ್ ಹಾಕ್ಕೊಂಡ್ರೆ ಅಮ್ಮ ನನ್ನ ಕಿವಿಯೊಳಗೇ ಕೂತಿರ್ತಾಳೆ ಸೆಂಗಾ. ಅಕ್ಕಂದಿರಿಗೂ ಅಷ್ಟು ಹತ್ತಿರ ಸಿಕ್ಕಿಲ್ಲ." ಅಷ್ಟು ದೊಡ್ಡ ಗಂಡಸು ಹಾಗೆ ಹೇಳಿದಾಗ ಬೈಯುವುದಕ್ಕೆ ನನಗೂ ಬಾಯಿ ಬರಲಿಲ್ಲ.

ಮುಂದೆ ಅವನನ್ನು ಕಂಪಾಲಾಕ್ಕೆ ತರಬೇತಿಗೆ ಕಳಿಸಿದರು. ಹೋಗಿ ಬಂದವನ ನಡಿಗೆಯೇ ಬದಲಾಗಿತ್ತು. ಆಯ್ಕೆಗಳನ್ನು ವಿಂಗಡಿಸುವುದಕ್ಕೆ ಅಷ್ಟುದ್ದ ಬರೆಯಬೇಕಿಲ್ಲವಂತೆ. ಆ ಭಾಷೆಯೊಳಗೇ ಅದಕ್ಕೊಬ್ಬ ಗುಮಾಸ್ತ ಇದ್ದಾನಂತೆ, ಗೆಟಾಪ್ಟ್ಸ್ ಎಂದು ಹೆಸರು. ಕರುಳಿನಂಥ ಹಳೆಯದನ್ನು ಕಿತ್ತುಹಾಕಿ ನಾಲ್ಕಾರು ಸಾಲಿನಲ್ಲಿ ಹೊಸ ಯೇರಾ ಬರೆದು, ಮಗು ಹೆತ್ತವನ ಹಾಗೆ ಎಲ್ಲರನ್ನೂ ಕರೆದು ತೋರಿಸಿದ.

ಆ ಗುಮಾಸ್ತನದೊಂದು ವರಸೆ ಇತ್ತು. ಅವನು ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಗೀಟು ಹೊತ್ತು ಬಂದವರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಾನೆ. ಗೀಟಿಲ್ಲದ ಒಂದು ಮಾತು ಬಂತೋ, ಇನ್ನು ಆಯ್ಕೆಗಳು ಮುಗಿದವು ಎಂದುಕೊಂಡು ಸ್ಟೂಲು ಮಡಚಿ ಊಟಕ್ಕೆ ಹೋಗಿಬಿಡುತ್ತಾನೆ. ಅದರ ಹಿಂದೆ ಎಂಥ ಆಯ್ಕೆ ನಿಂತಿದ್ದರೂ ಅವನ ಕಣ್ಣಿಗೆ ಬೀಳುವುದಿಲ್ಲ, ತಪ್ಪು ಎಂದು ಕೂಗುವುದೂ ಇಲ್ಲ. ಕಿಜ್ಜಾ ನಮಗೆಲ್ಲ ಇದನ್ನು ತಿಳಿಸಿ ಹೇಳಿದ: ಗೀಟು ಮೊದಲು, ಹೆಸರು ಆಮೇಲೆ. ಗೋಡೆಗೂ ಬರೆದು ಅಂಟಿಸಿದ. ನಾನು ಒಂದು ದಿನ ಹಳೆಯ ಅಭ್ಯಾಸದಲ್ಲಿ ಹೆಸರು ಮೊದಲು ಬರೆಯುತ್ತಿದ್ದಾಗ ಓಡಿ ಬಂದು ನನ್ನ ಕೈ ಹಿಡಿದ.

"ಸೆಂಗಾ, ಇದು ಮಷೀನು. ಇದಕ್ಕೆ ನಮಸ್ಕಾರ ಗಿಮಸ್ಕಾರ ಬೇಡ."

"ನಿಮ್ಮಮ್ಮನ ಮುಂದೆ ಈ ಮಾತು ಹೇಳು, ನೋಡೋಣ," ಎಂದೆ. ಅವನು ನಕ್ಕ. ಅವನಿಗೆ ನಗು ಬರುತ್ತಿದ್ದ ಕಾಲ ಅದು.

ನಾಲೊಂಗೊ ಹೋದ ವರ್ಷ ತೀರಿಕೊಂಡಳು. ಅವಳ ಸುದ್ದಿಯನ್ನೂ ನಾನೇ ಓದಿದೆ. ಮಣ್ಣಾದ ಮೇಲೆ ಕುಲದವರೆಲ್ಲ ಕೂಡಿ ಕೊನೆಯ ಕರ್ಮ ಮಾಡಿ ಉತ್ತರಾಧಿಕಾರಿಗೆ ತೊಗಟೆಯ ಬಟ್ಟೆ ಹೊದಿಸುವ ತನಕ ಸತ್ತವರು ಪೂರ್ತಿ ಹೋದರು ಎಂದು ನಾವು ಎಣಿಸುವುದಿಲ್ಲ. ಅದನ್ನು ಲುಂಬೆ ಎನ್ನುತ್ತೇವೆ. ಆ ಲುಂಬೆ ಒಂದು ಶನಿವಾರಕ್ಕೆ ನಿಗದಿಯಾಯಿತು. ಅದಕ್ಕೆ ಮುಂಚೆ ಅವನ ಅಕ್ಕ ಬಬಿರ್ಯೆ ಸ್ಟೇಷನ್ನಿಗೇ ಬಂದಳು. ತಮ್ಮನು ಕೆಲಸ ಮಾಡುವ ಜಾಗವನ್ನು ಅವಳು ನೋಡಿದ್ದು ಅದೇ ಮೊದಲು.

"ಮೊಮ್ಮಕ್ಕಳಲ್ಲಿ ಅರ್ಧ ಜನ ಅಮ್ಮನ ಮಾತೇ ಕೇಳಿಲ್ಲ ಕಣೋ," ಎಂದಳು. "ನಿನ್ನ ಮಷೀನಲ್ಲಿ ಇದ್ಯಂತಲ್ಲ, ಅದನ್ನ ತಗೊಂಡು ಬಾ. ಬಟ್ಟೆ ಹೊದಿಸೋ ಮುಂಚೆ ಎಲ್ರಿಗೂ ಕೇಳಿಸೋಣ."

"ತರ್ತೀನಿ ಅಕ್ಕ."

"ಮರೀಬೇಡ. ನಿನ್ನನ್ನ ನಂಬ್ಕೊಂಡಿದೀವಿ."

ಅವಳು ಹೋದ ಮೇಲೆ ಅವನು ಸುಮಾರು ಹೊತ್ತು ಬಾಗಿಲಲ್ಲೇ ನಿಂತಿದ್ದ. "ಅಕ್ಕ ನನ್ನ ಹತ್ರ ಏನಾದ್ರೂ ಕೇಳಿದ್ದು ಇದೇ ಮೊದ್ಲು," ಎಂದು ನನಗೆ ಹೇಳಿದ. ಅವನ ಸಂತೋಷ ನೋಡಿ ನನಗೆ ಸಂಕಟವಾಯಿತು. ಈ ವಯಸ್ಸಿಗೆ ಇಷ್ಟಕ್ಕೆ ಇಷ್ಟು ಹಿಗ್ಗುವವನಿಗೆ ಜೀವಮಾನವಿಡೀ ಏನು ಸಿಕ್ಕಿತ್ತು?

ಅಷ್ಟರಲ್ಲಿ ಚುನಾವಣೆ ಬಂತು. ಪ್ರಚಾರದ ಭಾಷಣಗಳು ಡಿಸ್ಕಿನಲ್ಲಿ ಹಿಡಿಸದಾದವು. ಹಳೆಯದನ್ನೆಲ್ಲ ಗುಡಿಸು, ನಿಮ್ಮಮ್ಮನದು ಬೇಕಿದ್ದರೆ ನಕಲು ಮಾಡಿಕೊಂಡು ಮನೆಗೆ ಒಯ್ಯು ಎಂದು ಸೆಬೋವ ಹೇಳಿದ. ಇನ್ನೊಂದು ಪ್ರತಿ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. ಆ ಡಿಸ್ಕು ಹಿಂದಿನ ಮಳೆಯಲ್ಲಿ ಸಿಡಿಲಿಗೆ ಸುಟ್ಟುಹೋಗಿತ್ತು. ಹೊಸದು ತರಿಸಿ ಎಂದು ಕಿಜ್ಜಾ ಹೇಳುತ್ತಲೇ ಇದ್ದ, ತರಿಸೋಣ ಎಂದು ಸೆಬೋವ ಅನ್ನುತ್ತಲೇ ಇದ್ದ.

ಗುರುವಾರ ಬೆಳಿಗ್ಗೆಯಿಂದ ಕಿಜ್ಜಾ ಗುಡಿಸುವುದರಲ್ಲೇ ಇದ್ದ. ಒಂದೊಂದು ಫೋಲ್ಡರಿಗೂ ಮೊದಲು ಗೀಟು ಎನ್ ಹಾಕಿ ಏನಿದೆ ನೋಡುವುದು, ಆಮೇಲೆ ಎನ್ ತೆಗೆದು ಗುಡಿಸುವುದು. ಗೀಟು ಮೊದಲು, ಹೆಸರು ಆಮೇಲೆ; ಒಂದು ಸಲವೂ ತಪ್ಪಲಿಲ್ಲ. ಮಧ್ಯಾಹ್ನವಾಗುತ್ತಾ ಬಂತು. ನಾನು ಸುದ್ದಿಯ ಚೀಟಿಗಳನ್ನು ಜೋಡಿಸಿಕೊಳ್ಳುತ್ತ ಅವನ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದೆ. ಅವನು ಜೇಬಿನಿಂದ ಹೊಸ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

"ಇದ್ರಲ್ಲಿ ಅಮ್ಮ ಹಿಡಿಸ್ತಾಳಾ ನೋಡ್ಬೇಕು," ಎಂದ.

"ನಿಮ್ಮಮ್ಮನ ನಮಸ್ಕಾರಕ್ಕೇ ಸಾಲಲ್ಲ ಅದು," ಎಂದೆ ನಾನು.

ಅವನು ನಗುತ್ತಲೇ ಬರೆದ. ಯೇರಾ, ಆಮೇಲೆ ಅವಳ ಫೋಲ್ಡರಿನ ಹೆಸರು ನಾಲೊಂಗೊ, ಆಮೇಲೆ ಗೀಟು ಎನ್. ಒತ್ತಿದ.

ಉದ್ದನೆಯ ಪಟ್ಟಿ ಉರುಳಿ ಬರಬೇಕಿತ್ತು. ಬಂದದ್ದು ಒಂದೇ ಮಾತು: ಕಿವೆಡ್ಡೆ. ಮುಗಿಯಿತು ಎಂದು ಅರ್ಥ. ಗುಡಿಸಿದ ಮೇಲೆ ಹೇಳಲಿ ಎಂದು ಅವನೇ ಬರೆದಿಟ್ಟ ಮಾತು.

ನನಗೆ ಗೊತ್ತಾಗಲಿಲ್ಲ. ಅವನ ಮುಖ ನೋಡಿ ಗೊತ್ತಾಯಿತು. ಅವನು ಪರದೆಯನ್ನೇ ನೋಡುತ್ತ ತಾನು ಬರೆದ ಸಾಲಿನ ಮೇಲೆ ಬೆರಳಿಟ್ಟು, ನಾಲೊಂಗೊ ಎಂಬಲ್ಲಿ ನಿಲ್ಲಿಸಿದ.

"ಹೆಸರು ಮೊದ್ಲು ಬರೆದೆ," ಎಂದ. "ಅಮ್ಮನ ಹೆಸರು ಅಲ್ವಾ. ಕೈಗೆ ತಾನಾಗೇ ಬಂತು."

"ವಾಪಸ್ ಬರಲ್ವಾ?"

"ಬರಬಹುದು." ಅವನು ಎದ್ದು ನಿಂತಿದ್ದ, ಕೈ ಮಷೀನಿನ ಗುಂಡಿಯ ಮೇಲಿತ್ತು. "ಗುಡಿಸಿದ್ರೂ ಡಿಸ್ಕಲ್ಲಿ ಇನ್ನೂ ಇರುತ್ತೆ ಸೆಂಗಾ. ಅದ್ರ ಮೇಲೆ ಬೇರೆ ಏನೂ ಬರೀಬಾರ್ದು, ಅಷ್ಟೇ. ಈಗಲೇ ಮಷೀನ್ ಆರಿಸಿದ್ರೆ ಎತ್ತಬಹುದು."

"ಆರಿಸು ಮತ್ತೆ."

ಅವನು ಆರಿಸಲಿಲ್ಲ. ಗೋಡೆಯ ಗಡಿಯಾರ ನೋಡಿದ. ಹಾಡು ಮುಗಿಯುತ್ತ ಬಂದಿತ್ತು, ಅದರ ಹಿಂದೆ ನನ್ನ ಸಾವಿನ ಸುದ್ದಿ. ಹಾಡೂ, ಪ್ರಸಾರವೂ, ಪ್ರಸಾರವಾದದ್ದನ್ನು ಮುದ್ರಿಸಿಡುವುದೂ ಎಲ್ಲ ಆ ಒಂದೇ ಮಷೀನಿನಲ್ಲಿ. ಅದನ್ನು ಆರಿಸಿದರೆ ಸ್ಟೇಷನ್ ಮೂಕ. ಮತ್ತೆ ಎಬ್ಬಿಸುವುದಕ್ಕೆ ಸಂಜೆಯಾಗುತ್ತದೆ. ಆರಿಸದಿದ್ದರೆ ನಾನು ಓದಿದ ಪ್ರತಿಯೊಂದು ಮಾತೂ ಅದೇ ಡಿಸ್ಕಿನ ಮೇಲೆ ಹೋಗಿ ಕೂರುತ್ತದೆ. ಮುದ್ರಿಸುವುದನ್ನಷ್ಟೇ ನಿಲ್ಲಿಸು ಎಂದೆ. ಪ್ರಸಾರ ಅದರ ಮೂಲಕವೇ ಹಾದುಹೋಗುತ್ತದೆ, ಅದೊಂದನ್ನೇ ಬಿಡಿಸುವುದಕ್ಕಾಗುವುದಿಲ್ಲ ಎಂದ.

ಬಾಗಿಲ ಹತ್ತಿರದ ಬೆಂಚಿನ ಮೇಲೆ ಬುಕಾಕಟದ ಒಬ್ಬ ಮೀನುಗಾರ ಕೂತಿದ್ದ. ಕಯೊಂಡೊ ಅವನ ಹೆಸರು. ತಂದೆ ಬೆಳಗಿನ ಜಾವ ತೀರಿಕೊಂಡಿದ್ದ, ಮಣ್ಣು ಅವತ್ತೇ ಸಂಜೆ. ದೂರದ ಊರಿಗೆ ಕೊಟ್ಟ ತಂಗಿಗೆ ಫೋನಿಲ್ಲ, ರೇಡಿಯೋ ಇದೆ. ನನ್ನ ಸುದ್ದಿ ಕೇಳಿ ಅವಳು ಹೊರಟರೆ ಅಪ್ಪನ ಮುಖ ನೋಡಲು ಸಿಗುತ್ತದೆ. ಅವನು ನಮ್ಮ ಮಾತು ಕೇಳಿಸಿಕೊಂಡನೋ ಇಲ್ಲವೋ, ಎದ್ದು ನಿಂತು ಟೊಪ್ಪಿಗೆ ತೆಗೆದು, "ಅಯ್ಯಾ, ನಮ್ಮದು ಮೊದಲನೇದಾ?" ಎಂದು ಕೇಳಿದ.

ಕಿಜ್ಜಾ ಗುಂಡಿಯ ಮೇಲಿನ ಕೈ ತೆಗೆದ. "ಹೋಗಿ ಓದಿ ಸೆಂಗಾ," ಎಂದ.

"ಕಿಜ್ಜಾ, ಯೋಚನೆ ಮಾಡು."

"ಮಾಡಿದೆ. ಅವನ ತಂಗಿ ಕಾಯ್ತಾ ಇದಾಳೆ. ಹೋಗಿ."

ನಾನು ಒಳಗೆ ಹೋಗಿ ಕೂತೆ. ಎಷ್ಟೋ ವರ್ಷದಿಂದ ಸತ್ತವರನ್ನು ಓದಿದ್ದೇನೆ, ಆದರೆ ಆವತ್ತು ಓದಿದ ಹಾಗೆ ಎಂದೂ ಓದಿಲ್ಲ. ನನ್ನ ಒಂದೊಂದು ಮಾತಿಗೂ ನಾಲೊಂಗೊ ಒಂದಿಷ್ಟು ಅಳಿಯುತ್ತಿದ್ದಾಳೆ ಎಂದು ಗೊತ್ತಿದ್ದು ನಾನು ಓದಬೇಕಿತ್ತು. ಬೇಗ ಮುಗಿಸೋಣವೆಂದರೆ ಸಾವಿನ ಸುದ್ದಿಯಲ್ಲಿ ಬಿಡುವಂಥದ್ದು ಏನಿದೆ? ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು, ಬೀಗರು, ಕುಲದ ಹಿರಿಯರು. ಒಬ್ಬರ ಹೆಸರು ಬಿಟ್ಟರೂ ಆ ಮನೆಯಲ್ಲಿ ಜಗಳ. ನಾನು ಉಸಿರು ಬಿಗಿಹಿಡಿದು ಓದಿದೆ. ಕಯೊಂಡೊ ಗಾಜಿಗೆ ಮುಖ ಒತ್ತಿಕೊಂಡು ಕೇಳುತ್ತಿದ್ದವನು ನಡುವೆ ಬಾಗಿಲು ತೆರೆದು, "ಅಮ್ಮಾ, ನಮ್ಮ ಚಿಕ್ಕಪ್ಪನ ಹೆಸರು ಸರಿಯಾಗಿ ಕೇಳಿಸ್ಲಿಲ್ಲ" ಎಂದ. ಅದನ್ನು ಮತ್ತೆ ಮೊದಲಿಂದ ಓದಿದೆ. ಗಾಜಿನ ಆಚೆ ಕಿಜ್ಜಾ ತಲೆ ತಗ್ಗಿಸಿ ನನ್ನ ಧ್ವನಿಯನ್ನು ಹದ ಮಾಡುತ್ತಿದ್ದ. ಎಲ್ಲಿ ನಾನು ಜೋರಾದೆನೋ ಅಲ್ಲಿ ಇಳಿಸಿದ, ಎಲ್ಲಿ ಮೆತ್ತಗಾದೆನೋ ಅಲ್ಲಿ ಏರಿಸಿದ. ಆವತ್ತು ಸತ್ತವರೂ ಬಹಳ ಜನ. ಅವರ ಮೇಲೆ ನನಗೆ ಬಂದ ಸಿಟ್ಟು ಹೇಳಬಾರದು.

ಓದಿ ಮುಗಿದ ಕೂಡಲೇ ಅವನು ಮಷೀನ್ ಆರಿಸಿದ. ಸ್ಟೇಷನ್ ಮೂಕವಾಯಿತು, ಸೆಬೋವ ಫೋನಿನಲ್ಲಿ ಕೂಗಾಡಿದ. ಕಿಜ್ಜಾ ಡಿಸ್ಕನ್ನು ಬಿಚ್ಚಿ ಬೇರೊಂದು ಮಷೀನಿಗೆ ಸಿಕ್ಕಿಸಿ, ಅಳಿಸಿದ್ದನ್ನು ಹುಡುಕಿ ಎತ್ತುವ ಅದೇನೋ ಓಡಿಸಿದ. ಅದು ನಿಧಾನವಾಗಿ ಕೆದಕುತ್ತಿತ್ತು. ನಾನು ಬಾಳೆಕಾಯಿ ಬೇಯಿಸಿದ ಮಟೋಕೆಯ ತಟ್ಟೆ ತಂದು ಅವನ ಮುಂದಿಟ್ಟೆ, ಅವನು ಮುಟ್ಟಲಿಲ್ಲ.

"ಒಂದೇ ಸಾಲು ಸೆಂಗಾ," ಎಂದ. "ಹೆಸರಿನ ಹಿಂದೆ ಇನ್ನೂ ಏನಾದ್ರೂ ಉಳಿದಿದ್ಯಾ, ಉಳಿದಿದ್ರೆ ಕೆಲಸ ಮಾಡ್ಬೇಡ ಅಂತ ಒಂದೇ ಒಂದು ಸಾಲು ಹಾಕಿದ್ರೆ ಆಗಿತ್ತು. ಗೊತ್ತಿತ್ತು ನಂಗೆ. ಚಿಕ್ಕದಾಗಿ ಚೆನ್ನಾಗಿದೆ ಅಂತ ಹಾಗೇ ಬಿಟ್ಟೆ."

ಬೈಯುವುದಕ್ಕೆ ಯಾರಾದರೂ ಸಿಕ್ಕಿದ್ದರೆ ನನ್ನ ಜೀವಕ್ಕೆ ಎಷ್ಟೋ ಹಾಯೆನಿಸುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಪರದೆಯ ಮೇಲೆ ಕಡತಗಳು ಕಾಣಿಸತೊಡಗಿದವು. ಅವನು ಕುರ್ಚಿಯಿಂದ ಜಿಗಿದೇಬಿಟ್ಟ. ಹೆಸರುಗಳೆಲ್ಲ ಸರಿಯಾಗಿದ್ದವು. ನಾಲೊಂಗೊ, ಅದರ ಮುಂದೆ ಭಾನುವಾರದ ತಾರೀಖು. ಮತ್ತೆ ನಾಲೊಂಗೊ, ಮುಂದಿನ ಭಾನುವಾರ. ಹೆಡ್‌ಫೋನ್ ಹಾಕಿಕೊಂಡು ಮೊದಲನೆಯದನ್ನು ತೆರೆದ.

ಕೇಳಿದ. ಎರಡನೆಯದು ತೆರೆದ, ಮೂರನೆಯದು ತೆರೆದ. ಆಮೇಲೆ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟ.

ನಾನು ಕಿವಿಗಿಟ್ಟುಕೊಂಡೆ. ಕಡತದ ಮೇಲೆ ಅವನ ತಾಯಿಯ ಹೆಸರಿತ್ತು. ಒಳಗಿದ್ದದ್ದು ನಾನು. ಬುಕಾಕಟದ ಕಯೊಂಡೊನ ತಂದೆ, ಅವನ ಹೆಂಡತಿ, ಅವನ ಮಕ್ಕಳು, ಅವನ ತಮ್ಮನ ಹೆಸರು ಎರಡು ಸಲ. ಉಳಿದವುಗಳಲ್ಲಿ ಕೆಲವು ತೆರೆಯಲೇ ಇಲ್ಲ, ಕೆಲವು ಬರೀ ಗರಗರ ಎಂದವು. ನಾಲೊಂಗೊ ಒಂದು "ಹೂಂ" ಎನ್ನುವಷ್ಟೂ ಉಳಿದಿರಲಿಲ್ಲ.

ಶನಿವಾರ ನಾನೂ ಲುಂಬೆಗೆ ಹೋಗಿದ್ದೆ. ಬಾಳೆಯ ಎಲೆ ಹಾಸಿ ಎಲ್ಲರೂ ಕೂತಿದ್ದರು. ಕಿಜ್ಜಾ ಅಕ್ಕಂದಿರ ಮುಂದೆ ನಿಂತು, ಹೋಯಿತು, ನನ್ನ ಕೈಯಿಂದಲೇ ಹೋಯಿತು ಎಂದು ಹೇಳಿದ. ಗುಮಾಸ್ತನ ವಿಷಯ, ಗೀಟಿನ ವಿಷಯ ಯಾವುದನ್ನೂ ಎತ್ತಲಿಲ್ಲ. ಬಬಿರ್ಯೆ ಅವನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಹೋಗ್ಲಿ ಬಿಡು," ಎಂದಳು, "ಕೇಳಿದ್ದೇ ನಮ್ಮ ತಪ್ಪು." ಹಾಗೆಂದು ಅತಿಥಿಗಳ ಕಡೆ ತಿರುಗಿಕೊಂಡಳು.

ಮಕ್ಕಳು ಮಾತ್ರ ಬಿಡಲಿಲ್ಲ. ಅಜ್ಜಿ ಹೇಗೆ ಮಾತಾಡುತ್ತಿದ್ದಳು, ಮಾಡಿ ತೋರಿಸಿ ಎಂದು ಪೀಡಿಸಿದವು. ಬಬಿರ್ಯೆ ಒಂದು ರೀತಿ ಮಾಡಿ ತೋರಿಸಿದಳು, ನಕಾಟೋ ಅದು ಹಾಗಲ್ಲ ಎಂದು ಇನ್ನೊಂದು ರೀತಿ ಮಾಡಿದಳು. ಇಬ್ಬರಿಗೂ ಸರಿಬರಲಿಲ್ಲ. ಕೊನೆಗೆ ನಕಾಟೋನೇ ಹೇಳಿದಳು: "ಕಿಜ್ಜಾನ್ನ ಕೇಳ್ರೋ. ವಾರ ವಾರ ಕಿವಿಗಿಟ್ಕೊಂಡು ಕೂತಿರ್ತಿದ್ದೋನು ಅವನೇ."

ಎಲ್ಲರೂ ಅವನ ಕಡೆ ನೋಡಿದರು. ಜೀವಮಾನದಲ್ಲಿ ಒಮ್ಮೆ ಇಡೀ ಮನೆ ಅವನ ಬಾಯಿ ನೋಡುತ್ತಿತ್ತು. ಅವನು ಕಣ್ಣು ಮುಚ್ಚಿದ, ಬಾಯಿ ತೆರೆದ. ಹಾಗೇ ಇದ್ದ. ಆಮೇಲೆ ಎದ್ದು ಬಾಳೆಯ ಗಿಡಗಳ ಕಡೆ ನಡೆದುಬಿಟ್ಟ. ನಾನು ಹಿಂದೆ ಹೋದೆ. ಅವನು ಒಂದು ಗಿಡಕ್ಕೆ ಕೈಯೂರಿ ನಿಂತಿದ್ದ.

"ಏನಾಯ್ತೋ?" ಎಂದೆ.

"ಬರ್ತಾ ಇಲ್ಲ ಸೆಂಗಾ. ಅಮ್ಮನ್ನ ನೆನೆಸ್ಕೊಂಡ್ರೆ ನಿಮ್ಮ ಧ್ವನಿ ಬರುತ್ತೆ. ಗುರುವಾರದಿಂದ ಹೀಗೇ. ಅವಳ ಮುಖ ಕಾಣುತ್ತೆ, ತುಟಿ ಆಡುತ್ತೆ, ಮಾತು ನಿಮ್ಮದು."

ನಾನು ಏನಾದರೂ ಅನ್ನೋಣವೆಂದು ಬಾಯಿ ತೆರೆದೆ. ಅವನು ಕೈಯೆತ್ತಿ ತಡೆದ, ಹೊಡೆಯುವುದಕ್ಕೆ ಬಂದವರನ್ನು ತಡೆಯುವ ಹಾಗೆ. ಬೇಡಿ ಎಂದು ತಲೆಯಾಡಿಸಿದ. ನಾನು ಸುಮ್ಮನಾದೆ, ಸುಮ್ಮನೆಯೇ ಹಿಂದಿರುಗಿದೆ.

ಈಗಲೂ ನಾವು ಅದೇ ಸ್ಟೇಷನ್ನಿನಲ್ಲಿದ್ದೇವೆ. ನನಗೆ ಏನಾದರೂ ಬೇಕಾದರೆ ಚೀಟಿಯಲ್ಲಿ ಬರೆದು ಅವನ ಮೇಜಿನ ಮೇಲಿಡುತ್ತೇನೆ. ನಾನು ಓದುವುದಕ್ಕೆ ಕೂತಾಗ ಅವನು ಗಾಜಿನ ಆಚೆ ಹೆಡ್‌ಫೋನ್ ತೆಗೆದಿಟ್ಟು, ಮೀಟರಿನ ಮುಳ್ಳು ಏರುವುದನ್ನೂ ಇಳಿಯುವುದನ್ನೂ ಕಣ್ಣಿನಿಂದ ನೋಡಿ ಧ್ವನಿ ಹದ ಮಾಡುತ್ತಾನೆ.